ಇಂಟರ್‌ನೆಟ್ಟಿನ ಶಾನುಭೋಗ

1977ರ ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ. ಅದೇ ತಾರೀಕು ಹಾಕಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಪೊಸ್ಟೆಲ್ ಎಂಬ 34 ವರ್ಷದ ಎಂಜಿನಿಯರ್ ತಮ್ಮ ಜೊತೆ ಕೆಲಸ ಮಾಡುವವರಿಗೆ ಒಂದು ಟಿಪ್ಪಣಿ ಬರೆದರು. ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಜೋಡಿಸಲು ಆಗ ರೂಪಿಸುತ್ತಿದ್ದ ಟಿಸಿಪಿ ಎಂಬ ಒಂದೇ ಪ್ರೋಟೊಕಾಲ್‌ನ ತಲೆಯ ಮೇಲೆ ಎರಡು ಕೆಲಸ ಹೊರಿಸುತ್ತಿದ್ದೇವೆ, ಇದು ಸರಿಯಲ್ಲ, ಎರಡನ್ನೂ ಬೇರೆ ಮಾಡಲೇಬೇಕು ಎಂಬುದು ಅದರ ಸಾರ. ಬರೆದ ಧಾಟಿ ಮೆತ್ತಗೇನೂ ಇರಲಿಲ್ಲ.

ಯಾವ ಎರಡು ಕೆಲಸ? ಒಂದು, ದತ್ತಾಂಶದ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ವಿಳಾಸಕ್ಕೆ ಮುಟ್ಟಿಸುವುದು. ಇನ್ನೊಂದು, ಕಳಿಸಿದ್ದೆಲ್ಲವೂ ಬಂತೇ, ಕ್ರಮವಾಗಿ ಬಂತೇ, ಬರದಿದ್ದರೆ ಮತ್ತೆ ಕಳಿಸಬೇಕೇ ಎಂದು ಎರಡು ತುದಿಯವರೂ ನೋಡಿಕೊಳ್ಳುವುದು. ಅಂಚೆಯಣ್ಣನಿಗೆ ಕವರಿನ ಮೇಲಿನ ವಿಳಾಸ ಗೊತ್ತಿದ್ದರೆ ಸಾಕು. ಒಳಗಿರುವುದು ಮದುವೆ ಆಮಂತ್ರಣವೋ ಬ್ಯಾಂಕಿನ ನೋಟಿಸೋ, ಹೋದ ವಾರದ ಪತ್ರಕ್ಕೆ ಉತ್ತರ ಬಂದಿದೆಯೋ ಇಲ್ಲವೋ ಅವನಿಗೆ ಸಂಬಂಧವಿಲ್ಲ. ಸಂಬಂಧ ಕಲ್ಪಿಸಿದರೆ ಅವನ ಚೀಲ ಭಾರವಾಗುತ್ತದೆ, ಅಂಚೆ ತಡವಾಗುತ್ತದೆ. (ಪೊಸ್ಟೆಲ್ ಎಂಬ ಹೆಸರಲ್ಲೇ ಪೋಸ್ಟ್ ಇರುವುದು ಕಾಕತಾಳೀಯ.)

ಈ ಮನುಷ್ಯ ನನಗೆ ಪರಿಚಯವಾದದ್ದು ಕೊನೆಯ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್‌ನಿಂದ. ನಡುವೆ ಸರ್ವರ್ ಇಲ್ಲದೆ, ಹಾಸ್ಟೆಲ್ಲಿನ ಲ್ಯಾಪ್‌ಟಾಪ್‌ಗಳೇ ಒಂದಕ್ಕೊಂದು ಫೈಲ್ ಹಂಚಿಕೊಳ್ಳುವ ಪೀರ್-ಟು-ಪೀರ್ ತಂತ್ರಾಂಶ ನಮ್ಮದು. ತಂಡದಲ್ಲಿ ನಾಲ್ವರು. ಫೈಲ್ ಸಾಗುವ ದಾರಿ ಇಂದು ಟಿಸಿಪಿ ಇರಬಹುದು, ನಾಳೆ ಯುಡಿಪಿ, ಇನ್ನೊಂದು ದಿನ ಬ್ಲೂಟೂತ್. ಹೀಗಾಗಿ ಸಾಗಣೆಯ ಭಾಗವನ್ನು ಪ್ಲಗಿನ್ ಮಾಡಬೇಕಿತ್ತು. ಮಿಕ್ಸಿಯ ಉದಾಹರಣೆ ಕೊಟ್ಟರೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮೋಟಾರು ಒಂದೇ, ಚಟ್ನಿಗೊಂದು ಜಾರ್, ಹಿಟ್ಟಿಗೊಂದು ಜಾರ್. ಜಾರ್ ಕೂರುವ ಜಾಗದ ಅಳತೆ ಮಾತ್ರ ಬದಲಾಗಬಾರದು. ಆ ಅಳತೆಯೇ ಇಂಟರ್‌ಫೇಸ್. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬ ಚರ್ಚೆಯಲ್ಲೇ ನಮಗೆ ಎರಡು ವಾರ ಕಳೆಯಿತು. ಅದೇ ಚರ್ಚೆಯನ್ನು ಇಡೀ ಇಂಟರ್‌ನೆಟ್‌ಗಾಗಿ ಮಾಡಿದವರಲ್ಲಿ ಪೊಸ್ಟೆಲ್ ಪ್ರಮುಖರು.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಇಂಟರ್‌ನೆಟ್ ಕಟ್ಟಿದವರ ಪಟ್ಟಿಯಲ್ಲಿ ಮುಂದೆ ನಿಲ್ಲುವ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಓದಿದ್ದೂ ಅದೇ ಶಾಲೆಯಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಪಿಎಚ್.ಡಿ. ಆರ್ಪಾನೆಟ್‌ನ ಮೊದಲ ಕೇಂದ್ರ 1969ರಲ್ಲಿ ಶುರುವಾದದ್ದು ಅಲ್ಲಿಯೇ, ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಲ್ಲಿ. ಪೊಸ್ಟೆಲ್ ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಮುಂದೆ ಒಂದೆರಡು ಸಂಸ್ಥೆಗಳಲ್ಲಿ, ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್ಬಾರ್ಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, 1977ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ ಸೇರಿದರು. ಸಾಯುವವರೆಗೂ ಅಲ್ಲಿಯೇ ಇದ್ದರು. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್ಸ್. ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಸುತ್ತುವ ಹುಚ್ಚು.

ಈ ಬಯೋಡೇಟಾ ನೋಡಿದರೆ ಕಂಪನಿ ಕಟ್ಟಿದ್ದು, ಕೋಟಿ ಗಳಿಸಿದ್ದು ಯಾವುದೂ ಕಾಣುವುದಿಲ್ಲ. ಅವರ ಕೈಲಿದ್ದದ್ದು ಒಂದು ಪಟ್ಟಿ. 1972ರ ಮೇ ತಿಂಗಳಲ್ಲಿ ಅವರು ಇನ್ನೊಂದು ಚಿಕ್ಕ ಟಿಪ್ಪಣಿ ಬರೆದಿದ್ದರು. ನೆಟ್‌ವರ್ಕ್‌ನಲ್ಲಿ ಒಂದೊಂದು ಸೇವೆಗೂ ಒಂದೊಂದು ಸಂಖ್ಯೆ ಬೇಕು, ಇಬ್ಬರು ಒಂದೇ ಸಂಖ್ಯೆ ಹಿಡಿದರೆ ಗೊಂದಲವಾಗುತ್ತದೆ, ಆದ್ದರಿಂದ ಸಂಖ್ಯೆ ಹಂಚಲು ಒಬ್ಬ ಯಜಮಾನ ಇರಲಿ ಎಂದು ಸೂಚಿಸಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ತಮ್ಮನ್ನೇ ಮುಂದಿಟ್ಟರು. ಯಾರೂ ಬೇಡವೆನ್ನಲಿಲ್ಲ. ಆ ಕೆಲಸ ಮುಂದೆ ಅವರನ್ನು ಬಿಡಲೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಶಾನುಭೋಗರು ಸರ್ವೆ ನಂಬರ್ ಬರೆದಿಟ್ಟುಕೊಳ್ಳುತ್ತಿದ್ದರಲ್ಲ, ಹಾಗೆ. ಶಾನುಭೋಗರು ಗದ್ದೆ ಉಳುವುದಿಲ್ಲ, ಆದರೆ ಅವರ ಪುಸ್ತಕ ಕಳೆದುಹೋದರೆ ಊರಿಗೆ ಊರೇ ಜಗಳಕ್ಕೆ ನಿಲ್ಲುತ್ತದೆ.

1977ರ ಟಿಪ್ಪಣಿಗೆ ಮರಳುತ್ತೇನೆ, ಏಕೆಂದರೆ ತಿರುಳು ಇರುವುದು ಅಲ್ಲಿ. ಪೊಸ್ಟೆಲ್‌ರ ಸಹೋದ್ಯೋಗಿ ಡ್ಯಾನಿ ಕೋಹೆನ್ ಆಗ ನೆಟ್‌ವರ್ಕ್ ಮೂಲಕ ಧ್ವನಿ ಕಳಿಸುವ ಪ್ರಯೋಗದಲ್ಲಿದ್ದರು. ಮಾತಿನ ಒಂದು ತುಣುಕು ಕಳೆದುಹೋದರೆ ಕೇಳುವವನಿಗೆ ಚಿಕ್ಕ ಕರಕರ ಅಷ್ಟೆ. ಅದನ್ನು ಮತ್ತೆ ತರಿಸಲು ಕಾಯುತ್ತಾ ಕುಳಿತರೆ ಮಾತುಕತೆಯೇ ನಿಂತುಹೋಗುತ್ತದೆ. ಅಂಥವರಿಗೆ ಟಿಸಿಪಿಯ ಕಾಳಜಿ ಬೇಡವಾಗಿತ್ತು. ಇಂಥ ಒತ್ತಾಯಗಳೂ ಪೊಸ್ಟೆಲ್‌ರ ವಾದವೂ ಸೇರಿ 1978ರಲ್ಲಿ ಟಿಸಿಪಿ ಇಬ್ಭಾಗವಾಯಿತು. ಕೆಳಗಿನ ಪದರ ಐಪಿ, ವಿಳಾಸ ನೋಡಿ ದಾಟಿಸುವುದಷ್ಟೇ ಅದರ ಕೆಲಸ. ಮೇಲೆ ಟಿಸಿಪಿ. ಪಕ್ಕದಲ್ಲಿ, ಅವಸರದವರಿಗಾಗಿ, ಯುಡಿಪಿ.

ಐಪಿ ಪ್ಯಾಕೆಟ್ಟಿನ ತಲೆಬರಹದಲ್ಲಿ 8 ಬಿಟ್‌ನ ಒಂದು ಖಾನೆ ಇದೆ. ಒಳಗೆ ಯಾವ ಪ್ರೋಟೊಕಾಲ್ ಇದೆ ಎಂಬುದರ ಸಂಖ್ಯೆ ಅಲ್ಲಿರುತ್ತದೆ. ಟಿಸಿಪಿಗೆ 6, ಯುಡಿಪಿಗೆ 17. ಒಟ್ಟು 256 ಸಂಖ್ಯೆಗಳಿಗೆ ಜಾಗ. ಮಿಕ್ಸಿಯ ಜಾರ್ ಕೂರುವ ಜಾಗ ಅಂದೆನಲ್ಲ, ಇಡೀ ಇಂಟರ್‌ನೆಟ್‌ನಲ್ಲಿ ಅದು ಈ ಒಂದು ಬೈಟ್. ಮುಂದೆ ಹುಟ್ಟುವ, ಆಗ ಯಾರೂ ಊಹಿಸಿರದ ಸಾಗಣೆ ವಿಧಾನಗಳಿಗೆ ಬಾಗಿಲು ತೆರೆದಿಟ್ಟದ್ದು ಅದು. ಯುಡಿಪಿಯ ವಿವರಣೆಯನ್ನು ಪೊಸ್ಟೆಲ್ 1980ರ ಆಗಸ್ಟ್‌ನಲ್ಲಿ ಮೂರೇ ಪುಟಗಳಲ್ಲಿ ಬರೆದು ಮುಗಿಸಿದರು. ಯುಡಿಪಿ ಸೇರಿಸುವ ತಲೆಬರಹ ಬರೀ 8 ಬೈಟ್: ಎರಡು ಪೋರ್ಟ್ ಸಂಖ್ಯೆ, ಉದ್ದ, ತಪ್ಪು ಪತ್ತೆಗೊಂದು ಮೊತ್ತ. ಇಂಟರ್‌ಫೇಸ್ ಎಷ್ಟು ಸಣ್ಣದಾಗಿರಬಹುದು ಎಂದು ಯಾರಾದರೂ ಕೇಳಿದರೆ ನಾನು ಈ ಮೂರು ಪುಟ ತೋರಿಸುತ್ತೇನೆ.

ಆ ಬಾಗಿಲು ಮುಂದೆ ಅರ್ಧ ಮುಚ್ಚಿಕೊಂಡ ಕಥೆಯೂ ಇದೆ, ಅದನ್ನು ಬಿಡುವಂತಿಲ್ಲ. 2000ದಲ್ಲಿ ಎಸ್‌ಸಿಟಿಪಿ ಎಂಬ ಒಳ್ಳೆಯ ಸಾಗಣೆ ಪ್ರೋಟೊಕಾಲ್ ಬಂತು, ಸಂಖ್ಯೆ 132. ಆದರೆ ಅಷ್ಟರಲ್ಲಿ ಮನೆ ಮನೆಗೂ ಬಂದಿದ್ದ ರೂಟರ್‌ಗಳಲ್ಲಿ ಬಹಳಷ್ಟು 6 ಮತ್ತು 17 ಬಿಟ್ಟು ಬೇರೆ ಸಂಖ್ಯೆಯನ್ನು ಗುರುತಿಸುತ್ತಿರಲಿಲ್ಲ. ಕವರು ತೆರೆದು ನೋಡುವ ಅಂಚೆಯಣ್ಣಂದಿರು! ಪೀರ್-ಟು-ಪೀರ್ ಬರೆಯುವವರಿಗೆ ಇದು ದಿನನಿತ್ಯದ ತಲೆನೋವು. ಎರಡು ಮನೆಗಳ ಎರಡು ಕಂಪ್ಯೂಟರ್ ನೇರವಾಗಿ ಮಾತಾಡಬೇಕೆಂದರೆ ಎರಡೂ ಕಡೆಯ ರೂಟರ್ ದಾಟಬೇಕು, ಅದಕ್ಕೆ ಯುಡಿಪಿಯೇ ಸಲೀಸು. ಹೀಗಾಗಿ ಬಿಟ್‌ಟೊರೆಂಟ್ ತನ್ನದೇ ಸಾಗಣೆ ವಿಧಾನವನ್ನು ಯುಡಿಪಿಯ ಮೇಲೆ ಕಟ್ಟಿಕೊಂಡಿತು. ಬ್ರೌಸರ್‌ಗಳ ವೆಬ್‌ಆರ್‌ಟಿಸಿಯಲ್ಲಿ ಎಸ್‌ಸಿಟಿಪಿ ಕೂಡ ಯುಡಿಪಿಯ ಒಳಗೆ ಕುಳಿತೇ ಪ್ರಯಾಣ ಮಾಡುತ್ತದೆ. 2021ರಲ್ಲಿ ಅಧಿಕೃತವಾದ ಕ್ವಿಕ್ ಪ್ರೋಟೊಕಾಲ್ ಇರುವುದೂ ಯುಡಿಪಿಯ ಮೇಲೆಯೇ. ಏನನ್ನೂ ಹೆಚ್ಚಿಗೆ ಭರವಸೆ ಕೊಡದ ಆ ಮೂರು ಪುಟದ ಪ್ರೋಟೊಕಾಲ್ ಎಲ್ಲರಿಗೂ ಪ್ಲಗ್ ಆಯಿತು.

ನಮ್ಮ ತಂಡ ಕೊನೆಗೆ ಒಪ್ಪಿಕೊಂಡದ್ದೂ ಇದೇ ದಾರಿ. ಇಂಟರ್‌ಫೇಸ್‌ನಲ್ಲಿ ಇರುವುದು ನಾಲ್ಕು ಕ್ರಿಯೆ: ಸಂಪರ್ಕ ತೆರೆ, ಕಳಿಸು, ಪಡೆ, ಮುಚ್ಚು. ಕಳೆದದ್ದನ್ನು ಮತ್ತೆ ಕಳಿಸುವುದನ್ನೂ ಸೇರಿಸೋಣ ಎಂದು ಗೆಳೆಯನೊಬ್ಬ ಪಟ್ಟು ಹಿಡಿದಿದ್ದ. ಸೇರಿಸಿದರೆ ಟಿಸಿಪಿ ಪ್ಲಗಿನ್‌ಗೆ ಅದು ಪುಕ್ಕಟೆ, ಯುಡಿಪಿ ಪ್ಲಗಿನ್ ಬರೆಯುವವನ ಬೆನ್ನು ಮುರಿಯುತ್ತದೆ. ಹಾಗಾಗಿ, ಯಾವ ಪ್ಲಗಿನ್ ಏನು ಖಾತರಿ ಕೊಡುತ್ತದೆ ಎಂದು ತಾನೇ ಹೇಳಿಕೊಳ್ಳಲಿ, ಉಳಿದದ್ದನ್ನು ಮೇಲಿನ ಪದರ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಇನ್ನು ಪ್ರತಿ ಪ್ಲಗಿನ್‌ಗೂ ಒಂದು ಸಂಖ್ಯೆ ಬೇಕು. ಅದನ್ನು ಕೊಡುವವರು ಯಾರು? ಕೇಂದ್ರವೇ ಇಲ್ಲದ ನೆಟ್‌ವರ್ಕ್ ಎಂದು ಎಷ್ಟೇ ಹೆಮ್ಮೆಪಟ್ಟರೂ ಒಂದು ಪಟ್ಟಿ ಎಲ್ಲೋ ಒಂದು ಕಡೆ ಇರಲೇಬೇಕು. ನಮ್ಮದು ಒಂದು ಸ್ಪ್ರೆಡ್‌ಶೀಟ್‌ನಲ್ಲಿದೆ. ಲಿಬ್‌ಪಿಟುಪಿಯಂಥ ದೊಡ್ಡ ಯೋಜನೆಗೂ ಸಾರ್ವಜನಿಕ ಪಟ್ಟಿಯೊಂದು ಇದೆ, ಅದರಲ್ಲಿ ಟಿಸಿಪಿಯ ಸಂಖ್ಯೆ 6 ಎಂದೇ ಇದೆ.

ಪೊಸ್ಟೆಲ್‌ರ ಇನ್ನೊಂದು ಕೆಲಸ ಸಂಪಾದಕನದು. ಇಂಟರ್‌ನೆಟ್‌ನ ನಿಯಮಗಳೆಲ್ಲ ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿಯಲ್ಲಿವೆ. 1969ರಲ್ಲಿ ಕ್ರಾಕರ್ ಶುರುಮಾಡಿದ ಆ ಸರಣಿಯನ್ನು ಸುಮಾರು ಮೂರು ದಶಕ ತಿದ್ದಿ ಪ್ರಕಟಿಸಿದವರು ಪೊಸ್ಟೆಲ್. ಅವರು ತೀರಿಕೊಳ್ಳುವ ಹೊತ್ತಿಗೆ ಸರಣಿ 2,400 ದಾಟಿತ್ತು. ಐಪಿ, ಟಿಸಿಪಿಯ 1981ರ ಆವೃತ್ತಿಗಳು, 1982ರ ಇಮೇಲ್ ನಿಯಮ, 1983ರ ಜನವರಿ 1ಕ್ಕೆ ಇಡೀ ಆರ್ಪಾನೆಟ್ ಹಳೆಯ ಪ್ರೋಟೊಕಾಲ್ ಬಿಟ್ಟು ಟಿಸಿಪಿಗೆ ಬದಲಾಗಬೇಕೆಂಬ ಯೋಜನೆ, ಎಲ್ಲದರಲ್ಲೂ ಅವರ ಹೆಸರಿದೆ. ಕಳಿಸುವವನು ನಿಯಮವನ್ನು ಬಿಗಿಯಾಗಿ ಪಾಲಿಸಲಿ, ಪಡೆಯುವವನು ಸಣ್ಣಪುಟ್ಟ ಲೋಪಗಳನ್ನು ಸಹಿಸಿಕೊಳ್ಳಲಿ ಎಂಬ ಅವರ ಸಲಹೆ ಬಹಳ ಪ್ರಸಿದ್ಧ. ಈ ವಿಷಯದಲ್ಲಿ ನಾನು ಅವರ ಕಡೆ ಪೂರ್ತಿ ಇಲ್ಲ. ಎಲ್ಲರೂ ಸಹಿಸಿಕೊಳ್ಳುತ್ತಾ ಹೋದರೆ ಲೋಪವೇ ನಿಯಮವಾಗಿಬಿಡುತ್ತದೆ ಎಂದು 2023ರಲ್ಲಿ ಬಂದ ಆರ್‌ಎಫ್‌ಸಿಯೊಂದು ವಾದಿಸುತ್ತದೆ. ಗುರುತು ಪರಿಚಯ ಇಲ್ಲದವರ ಪ್ಲಗಿನ್ ಕೂರಿಸಿಕೊಳ್ಳುವ ತಂತ್ರಾಂಶಕ್ಕೆ ಆ ವಾದವೇ ಸರಿ ಅನಿಸುತ್ತದೆ.

ಪಟ್ಟಿಯಲ್ಲಿ ಸಂಖ್ಯೆ ಪಡೆಯುವುದು ಎಷ್ಟು ಸರಳವಿತ್ತು ಎಂಬುದಕ್ಕೆ ಒಂದು ಪ್ರಸಂಗ. 1983ರಿಂದ ಈ ಕೆಲಸದಲ್ಲಿ ಪೊಸ್ಟೆಲ್‌ರ ಜೊತೆಗಿದ್ದವರು ಜಾಯ್ಸ್ ರೆನಾಲ್ಡ್ಸ್. 1995ರ ಜುಲೈನಲ್ಲಿ ಫಿನ್‌ಲೆಂಡ್‌ನ ತಾತು ಯುಲೊನೆನ್ ಎಂಬ ಯುವಕ ತಾನು ಬರೆದ ಸುರಕ್ಷಿತ ಲಾಗಿನ್ ತಂತ್ರಾಂಶಕ್ಕೆ ಒಂದು ಪೋರ್ಟ್ ಸಂಖ್ಯೆ ಬೇಕೆಂದು ಇಮೇಲ್ ಮಾಡಿದ. ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವಿನ 22 ಅವನ ಆಸೆ. ಮಾರನೆಯ ದಿನವೇ ಜಾಯ್ಸ್ ಅವರ ಉತ್ತರ ಬಂತು, 22 ನಿನಗೇ ಎಂದು. ಶುಲ್ಕವಿಲ್ಲ, ಶಿಫಾರಸಿಲ್ಲ. ಇಂದು ಲಿನಕ್ಸ್ ಸರ್ವರ್ ಮುಟ್ಟುವ ಪ್ರತಿಯೊಬ್ಬರೂ, ಕೆಲಸದ ಸಂದರ್ಶನಕ್ಕೆ ಹೋಗುವ ನಾವೂ, ಬಾಯಿಪಾಠ ಮಾಡಿರುವ ಎಸ್‌ಎಸ್‌ಎಚ್‌ನ ಪೋರ್ಟ್ 22 ಅದೇ.

ಜಗಳವಾಗಬಹುದಾದ ಕಡೆಯೂ ಅವರದ್ದು ಜಾಣ ನಡೆ. ಡೊಮೈನ್ ಹೆಸರಿನ ಕೊನೆಗೆ ಯಾವ ದೇಶಕ್ಕೆ ಯಾವ ಎರಡಕ್ಷರ? ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ಗೋಜಿಗೆ ಹೋಗದೆ, ಐಎಸ್ಒ ಸಂಸ್ಥೆಯ ದೇಶಸಂಕೇತ ಪಟ್ಟಿಯನ್ನೇ ಎತ್ತಿಕೊಂಡರು. ನಮ್ಮ ಡಾಟ್ ಇನ್ 1989ರಲ್ಲಿ ಸೇರಿದ್ದು ಹಾಗೆ.

ಇಷ್ಟೆಲ್ಲ ನಡೆದದ್ದು ನಂಬಿಕೆಯ ಮೇಲೆ. ತೊಂಬತ್ತರ ದಶಕದಲ್ಲಿ ಡೊಮೈನ್ ಹೆಸರು ಹಣ ತರುವ ವಸ್ತುವಾಯಿತು, ಅದರ ನೋಂದಣಿ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಯ ಕೈಲಿತ್ತು. ಪಟ್ಟಿಯ ಮೇಲೆ ಕೊನೆಯ ಮಾತು ಯಾರದು ಎಂಬ ಎಳೆದಾಟ ಶುರುವಾಯಿತು. 1998ರ ಜನವರಿ 28ರಂದು ಪೊಸ್ಟೆಲ್ ಮೂಲ ಸರ್ವರ್ ನಡೆಸುವವರಲ್ಲಿ ಎಂಟು ಮಂದಿಗೆ ಇಮೇಲ್ ಬರೆದು, ಇನ್ನು ಮುಂದೆ ಮೂಲ ಪಟ್ಟಿಯನ್ನು ತಮ್ಮ ಕಂಪ್ಯೂಟರಿನಿಂದ ತೆಗೆದುಕೊಳ್ಳಿ ಎಂದರು. ಎಂಟೂ ಮಂದಿ ಮರುಪ್ರಶ್ನೆ ಇಲ್ಲದೆ ಹಾಗೇ ಮಾಡಿದರು. ಬಳಕೆದಾರರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಶ್ವೇತಭವನಕ್ಕೆ ತಿಳಿಯಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಝೈನರ್ ಹಿಂದೆ ಸರಿಯುವಂತೆ ಹೇಳಿದ ಮೇಲೆ, ಇದೊಂದು ಪರೀಕ್ಷೆಯಾಗಿತ್ತು ಎಂದು ಹೇಳಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಕೆಲವರು ಇದನ್ನು ದಂಗೆ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಆದರೆ ಒಬ್ಬ ವ್ಯಕ್ತಿಯ ಇಮೇಲ್‌ಗೆ ಜಗತ್ತಿನ ನೆಟ್‌ವರ್ಕ್‌ನ ಹೆಚ್ಚಿನ ಪಾಲು ತಲೆಬಾಗುತ್ತದೆ ಎಂದರೆ, ಆ ವ್ಯಕ್ತಿ ಎಷ್ಟೇ ಒಳ್ಳೆಯವರಾದರೂ ಅದು ವಿನ್ಯಾಸದ ದೌರ್ಬಲ್ಯವೇ. ಪೊಸ್ಟೆಲ್‌ಗೂ ಇದು ತಿಳಿದಿತ್ತು. ಪಟ್ಟಿಯನ್ನು ವ್ಯಕ್ತಿಯಿಂದ ಸಂಸ್ಥೆಗೆ ದಾಟಿಸುವ ಪ್ರಯತ್ನದಲ್ಲಿ ಆ ವರ್ಷವೆಲ್ಲ ಓಡಾಡಿದರು. 1998ರ ಸೆಪ್ಟೆಂಬರ್ ಕೊನೆಗೆ ಐಕ್ಯಾನ್ ಸಂಸ್ಥೆ ಸ್ಥಾಪನೆಯಾಯಿತು. ಅಷ್ಟರಲ್ಲಿ ಅವರ ಹಳೆಯ ಹೃದಯದ ಕವಾಟದ ತೊಂದರೆ ಮರುಕಳಿಸಿತ್ತು. ಶಸ್ತ್ರಚಿಕಿತ್ಸೆಯ ನಂತರ ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ವಯಸ್ಸು 55.

ಮರುದಿನವೇ ವಿಂಟ್ ಸರ್ಫ್ ಅವರಿಗಾಗಿ ಒಂದು ಸ್ಮರಣೆ ಬರೆದರು. ಅದು ಪ್ರಕಟವಾದದ್ದು ಆರ್‌ಎಫ್‌ಸಿಯಾಗಿಯೇ, ಅವರೇ ತಿದ್ದುತ್ತಿದ್ದ ಸರಣಿಯಲ್ಲಿ. ಸಂಖ್ಯೆ 2468.