ವಿಸೆಂತೆ ಬ್ಲಾಸ್ಕೊ ಇಬಾನ್ಯೆಸ್

ವಿಸೆಂತೆ ಬ್ಲಾಸ್ಕೊ ಇಬಾನ್ಯೆಸ್ (ಜನವರಿ 29, 1867 – ಜನವರಿ 28, 1928) ಸ್ಪೇನ್ ದೇಶದ ಪತ್ರಕರ್ತ, ಕಾದಂಬರಿಕಾರ ಹಾಗೂ ಗಣರಾಜ್ಯವಾದಿ ರಾಜಕಾರಣಿ. ವಲೆನ್ಸಿಯ ಪ್ರಾಂತ್ಯದ ರೈತರು ಮತ್ತು ಮೀನುಗಾರರ ಬದುಕನ್ನು ಚಿತ್ರಿಸಿದ ಕಾದಂಬರಿಗಳಿಂದ ಸ್ಪ್ಯಾನಿಷ್ ಸಾಹಿತ್ಯದಲ್ಲಿಯೂ, ಮೊದಲನೆಯ ಮಹಾಯುದ್ಧವನ್ನು ಕುರಿತ ಕಾದಂಬರಿಯಿಂದ ಜಗತ್ತಿನಾದ್ಯಂತವೂ ಈತ ಹೆಸರಾದನು. ಇವನ ಹಲವು ಕೃತಿಗಳು ಹಾಲಿವುಡ್‌ನ ಮೂಕಿಚಿತ್ರಗಳಾಗಿ ಅಪಾರ ಜನಪ್ರಿಯತೆ ಗಳಿಸಿದವು.

ಬಾಲ್ಯ ಮತ್ತು ಶಿಕ್ಷಣ

ಬ್ಲಾಸ್ಕೊ ಹುಟ್ಟಿದ್ದು ವಲೆನ್ಸಿಯ ನಗರದಲ್ಲಿ. ತಂದೆತಾಯಿ ಅರಗಾನ್ ಪ್ರಾಂತ್ಯದಿಂದ ಬಂದು ನೆಲೆಸಿದ ಅಂಗಡಿಕಾರರು. ಶಾಲೆಯಲ್ಲಿದ್ದಾಗಲೇ ಕಥೆ ಬರೆಯುವ ಹುಚ್ಚು ಹತ್ತಿದ್ದ ಈತ ಹದಿನಾರನೆಯ ವಯಸ್ಸಿನಲ್ಲಿ ಮನೆಬಿಟ್ಟು ಮ್ಯಾಡ್ರಿಡ್‌ಗೆ ಓಡಿಹೋದನು. ಅಲ್ಲಿ ಧಾರಾವಾಹಿ ಕಾದಂಬರಿಗಳಿಗೆ ಪ್ರಸಿದ್ಧನಾಗಿದ್ದ ವೃದ್ಧ ಲೇಖಕ ಮಾನುವೆಲ್ ಫರ್ನಾಂಡೆಸ್ ಇ ಗೊನ್ಸಾಲೆಸ್‌ನ ಬಳಿ ಲಿಪಿಕಾರನಾಗಿ ಕೆಲಸ ಮಾಡಿದನು. ತಡವಿಲ್ಲದೆ ಬರೆಯುತ್ತ ಹೋಗುವ ಅಭ್ಯಾಸ ಇವನಿಗೆ ಅಂಟಿದ್ದು ಇಲ್ಲಿಯೇ ಎನ್ನಬಹುದು. ಊರಿಗೆ ಮರಳಿದ ಮೇಲೆ ವಲೆನ್ಸಿಯ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1888ರಲ್ಲಿ ಪದವಿ ಪಡೆದನಾದರೂ ವಕೀಲಿ ವೃತ್ತಿ ಇವನನ್ನು ಸೆಳೆಯಲಿಲ್ಲ.

ಪತ್ರಿಕೋದ್ಯಮ ಮತ್ತು ರಾಜಕೀಯ

ವಿದ್ಯಾರ್ಥಿದೆಸೆಯಲ್ಲಿಯೇ ಬ್ಲಾಸ್ಕೊ ರಾಜಪ್ರಭುತ್ವ ಮತ್ತು ಚರ್ಚಿನ ಅಧಿಕಾರಗಳ ಕಟು ವಿರೋಧಿಯಾಗಿದ್ದನು. ಚಳವಳಿಯ ಕಾರಣ 1890ರಲ್ಲಿ ದೇಶ ಬಿಟ್ಟು ಪ್ಯಾರಿಸ್‌ನಲ್ಲಿ ಆಶ್ರಯ ಪಡೆಯಬೇಕಾಯಿತು. ಅಲ್ಲಿ ಫ್ರೆಂಚ್ ಕಾದಂಬರಿಗಳ, ಅದರಲ್ಲೂ ಎಮಿಲ್ ಜೋಲಾನ ಕೃತಿಗಳ ಪ್ರಭಾವಕ್ಕೆ ಒಳಗಾದನು. ಮರಳಿದ ಮೇಲೆ 1891ರಲ್ಲಿ ಮಾರಿಯಾ ಬ್ಲಾಸ್ಕೊ ದೆಲ್ ಕಾಚೊಳನ್ನು ಮದುವೆಯಾದನು.

1894ರ ನವೆಂಬರ್‌ನಲ್ಲಿ ತಾಯಿಯಿಂದ ಬಂದ ಆಸ್ತಿಯನ್ನು ತೊಡಗಿಸಿ 'ಎಲ್ ಪ್ವೆಬ್ಲೊ' (ಜನತೆ) ಎಂಬ ದಿನಪತ್ರಿಕೆಯನ್ನು ಆರಂಭಿಸಿದನು. ಸಂಪಾದಕೀಯ, ವರದಿ, ಧಾರಾವಾಹಿ ಎಲ್ಲಕ್ಕೂ ಇವನದೇ ಲೇಖನಿ. ರಾತ್ರಿಯಿಡೀ ಪತ್ರಿಕೆಯ ಕೆಲಸ ಮುಗಿಸಿ, ಬೆಳಗಿನ ಜಾವದಲ್ಲಿ ಕಾದಂಬರಿಯ ಅಧ್ಯಾಯ ಬರೆದು ಅಚ್ಚಿಗೆ ಕೊಡುತ್ತಿದ್ದನು. ಮೊದಲ ಮುಖ್ಯ ಕಾದಂಬರಿಗಳು ಬೆಳಕು ಕಂಡದ್ದು ಈ ಪತ್ರಿಕೆಯ ಅಂಕಣಗಳಲ್ಲಿಯೇ. ಸರ್ಕಾರ ಮತ್ತೆ ಮತ್ತೆ ಹೂಡಿದ ಮೊಕದ್ದಮೆಗಳಿಂದ ಈತ ಹಲವು ಬಾರಿ ಸೆರೆಮನೆ ಕಂಡನು. ಎದುರಾಳಿಗಳೊಡನೆ ದ್ವಂದ್ವಯುದ್ಧಗಳಲ್ಲಿಯೂ ತೊಡಗಿದ್ದುಂಟು.

1896ರಲ್ಲಿ ಕ್ಯೂಬಾದ ಯುದ್ಧಕ್ಕೆ ಸೈನಿಕರನ್ನು ಕಳುಹಿಸುವುದನ್ನು ವಿರೋಧಿಸಿ ವಲೆನ್ಸಿಯದಲ್ಲಿ ಪ್ರತಿಭಟನೆ ನಡೆಯಿತು. ಹಣ ತೆತ್ತವರ ಮಕ್ಕಳು ಸೈನ್ಯಸೇವೆಯಿಂದ ತಪ್ಪಿಸಿಕೊಳ್ಳಬಹುದಾಗಿದ್ದು, ಸಾಯಲು ಹೊರಡುತ್ತಿದ್ದವರು ಬಡವರ ಮಕ್ಕಳು ಎಂಬುದು ಬ್ಲಾಸ್ಕೊನ ಆಕ್ಷೇಪವಾಗಿತ್ತು. ಬಂಧನದ ಆಜ್ಞೆ ಹೊರಟಾಗ ಈತ ಬಂದರಿನ ಬಳಿಯ ಮದ್ಯದಂಗಡಿಯೊಂದರಲ್ಲಿ ಕೆಲವು ದಿನ ಅಡಗಿದ್ದು, ಬಳಿಕ ಹಡಗಿನಲ್ಲಿ ಇಟಲಿಗೆ ಪಾರಾದನು. ಆ ಪ್ರವಾಸದ ಫಲ 'ಎನ್ ಎಲ್ ಪಾಯಿಸ್ ದೆಲ್ ಆರ್ತೆ' (ಕಲೆಯ ನಾಡಿನಲ್ಲಿ). ಮರಳಿದೊಡನೆ ಸೈನಿಕ ನ್ಯಾಯಾಲಯ ಇವನಿಗೆ ಸೆರೆವಾಸ ವಿಧಿಸಿತು. ಬಿಡುಗಡೆಯ ನಂತರ 1898ರಲ್ಲಿ ವಲೆನ್ಸಿಯದ ಜನ ಈತನನ್ನೇ ಸಂಸತ್ತಿಗೆ ಆರಿಸಿ ಕಳುಹಿಸಿದರು. ಅನಂತರವೂ ಹಲವು ಬಾರಿ ಪುನರಾಯ್ಕೆಯಾದನು. ಇವನ ಅನುಯಾಯಿಗಳ ಚಳವಳಿ 'ಬ್ಲಾಸ್ಕಿಸ್ಮೊ' ಎಂದೇ ಹೆಸರಾಗಿ ದೀರ್ಘಕಾಲ ನಗರದ ರಾಜಕೀಯವನ್ನು ರೂಪಿಸಿತು.

ವಲೆನ್ಸಿಯದ ಕಾದಂಬರಿಗಳು

1894ರಿಂದ 1902ರವರೆಗಿನ ಕೃತಿಗಳನ್ನು ವಿಮರ್ಶಕರು ವಲೆನ್ಸಿಯದ ಕಾದಂಬರಿಗಳೆಂದು ಗುರುತಿಸುತ್ತಾರೆ. ನಗರದ ವ್ಯಾಪಾರಿ ವರ್ಗವನ್ನು ಕುರಿತ 'ಆರ್ರೋಸ್ ಇ ತಾರ್ತಾನ' (1894), ಮೀನುಗಾರರ ಬದುಕಿನ 'ಫ್ಲೋರ್ ದೆ ಮಾಯೊ' (1895), ಕಿತ್ತಳೆ ತೋಟಗಳ ಹಿನ್ನೆಲೆಯ 'ಎಂತ್ರೆ ನರಾನ್ಹೋಸ್' (1900) ಇವುಗಳಲ್ಲಿ ಕೆಲವು.

ಇವುಗಳಲ್ಲಿ ಅತ್ಯಂತ ಹೆಸರಾದದ್ದು 'ಲಾ ಬರ್ರಾಕ' (ಗುಡಿಸಲು, 1898). ಬಂದರಿನಲ್ಲಿ ಅಡಗಿದ್ದಾಗ ಬರೆದು, ಅಂಗಡಿಯವರ ಬಳಿಯೇ ಬಿಟ್ಟುಹೋಗಿದ್ದ ಸಣ್ಣಕಥೆಯನ್ನು ಮರಳಿ ಪಡೆದು ಕಾದಂಬರಿಯಾಗಿ ಬೆಳೆಸಿದನು. ಗೇಣಿ ತೀರಿಸಲಾರದೆ ಹೊಲ ಕಳೆದುಕೊಂಡ ಮುದುಕ ಬರ್ರೆಟ್ ತನ್ನ ಭೂಮಾಲೀಕನನ್ನು ಕೊಲ್ಲುತ್ತಾನೆ. ಸುತ್ತಲಿನ ರೈತರು ಆ ಹೊಲವನ್ನು ಯಾರೂ ಉಳಬಾರದೆಂದು ಕಟ್ಟು ಮಾಡಿ ವರ್ಷಗಟ್ಟಲೆ ಪಾಳು ಬಿಡಿಸುತ್ತಾರೆ. ಈ ಕಟ್ಟಿನ ಅರಿವಿಲ್ಲದೆ ಬಂದ ಬತಿಸ್ತೆ ಎಂಬ ಬಡವ ಹೆಂಡತಿ ಮಕ್ಕಳೊಡನೆ ಅಲ್ಲಿ ಬೇಸಾಯ ಹೂಡುತ್ತಾನೆ. ನೀರಾವರಿ ನ್ಯಾಯಮಂಡಳಿಯ ಮುಂದೆ ಸುಳ್ಳು ದೂರು, ಕಿರಿಯ ಮಗನ ಸಾವು, ಕೊನೆಗೆ ಗುಡಿಸಲಿಗೆ ಬೆಂಕಿ — ಹೀಗೆ ಕಥೆ ದುರಂತದಲ್ಲಿ ಮುಗಿಯುತ್ತದೆ. ಭೂಮಾಲೀಕರ ಶೋಷಣೆಗೆ ಎದುರಾಗಿ ಹುಟ್ಟಿದ ಒಗ್ಗಟ್ಟು ಇನ್ನೊಬ್ಬ ಬಡವನನ್ನೇ ನುಂಗುವ ಬಗೆಯನ್ನು ಲೇಖಕ ಯಾರ ಪಕ್ಷವನ್ನೂ ವಹಿಸದೆ ತೋರಿಸುತ್ತಾನೆ. ಮೊದಲ ಮುದ್ರಣದ ಪ್ರತಿಗಳು ಹೆಚ್ಚು ಮಾರಾಟವಾಗಲಿಲ್ಲ. ಜಾರ್ಜ್ ಎರೆಲ್ ಮಾಡಿದ ಫ್ರೆಂಚ್ ಅನುವಾದ 1901ರಲ್ಲಿ ಪ್ರಕಟವಾದ ಮೇಲೆಯೇ ಸ್ವದೇಶದಲ್ಲಿಯೂ ಅದಕ್ಕೆ ಮನ್ನಣೆ ದೊರೆಯಿತು.

ಅಲ್ಬುಫೆರ ಸರೋವರದ ಭತ್ತದ ಗದ್ದೆಗಳ ನಡುವೆ ನಡೆಯುವ 'ಕಾನ್ಯಾಸ್ ಇ ಬಾರ್ರೊ' (ಜೊಂಡು ಮತ್ತು ಕೆಸರು, 1902) ಇವನ ಶ್ರೇಷ್ಠ ಕೃತಿಗಳಲ್ಲೊಂದು. ಆ ಬಳಿಕ ಚರ್ಚು, ಕೈಗಾರಿಕೆ, ದ್ರಾಕ್ಷಿತೋಟಗಳ ಕೂಲಿಕಾರರು ಮುಂತಾದ ವಸ್ತುಗಳನ್ನು ಕುರಿತು 'ಲಾ ಕತೆದ್ರಾಲ್' (1903), 'ಎಲ್ ಇಂತ್ರೂಸೊ' (1904), 'ಲಾ ಬೋದೇಗ' (1905) ಕಾದಂಬರಿಗಳನ್ನೂ, ಗೂಳಿ ಕಾಳಗದ ಲೋಕವನ್ನು ಕುರಿತು 'ಸಾಂಗ್ರೆ ಇ ಅರೇನ' (ರಕ್ತ ಮತ್ತು ಮರಳು, 1908) ಕಾದಂಬರಿಯನ್ನೂ ರಚಿಸಿದನು.

ಅರ್ಜೆಂಟೀನದ ಸಾಹಸ

1909ರಲ್ಲಿ ಉಪನ್ಯಾಸಗಳಿಗಾಗಿ ಅರ್ಜೆಂಟೀನಕ್ಕೆ ಹೋದ ಬ್ಲಾಸ್ಕೊ ಆ ದೇಶದ ವಿಶಾಲ ಬಯಲುಗಳಿಗೆ ಮರುಳಾದನು. ಸ್ಪೇನಿನ ಬಡ ರೈತರಿಗೆ ಹೊಸ ನೆಲೆ ಕಟ್ಟಿಕೊಡುವ ಹಂಬಲದಿಂದ ರಿಯೊ ನೆಗ್ರೊ ಪ್ರದೇಶದಲ್ಲಿ ಸೆರ್ವಾಂತೆಸ್, ಕೊರ್ರಿಯೆಂತೆಸ್ ಪ್ರಾಂತ್ಯದಲ್ಲಿ ನ್ಯೂವ ವಲೆನ್ಸಿಯ ಎಂಬ ಎರಡು ವಸಾಹತುಗಳನ್ನು ಸ್ಥಾಪಿಸಿದನು. ಕೆಲವು ವರ್ಷ ಲೇಖನಿಯನ್ನು ಬದಿಗಿಟ್ಟು ದುಡಿದರೂ ಹಣದ ಮುಗ್ಗಟ್ಟಿನಿಂದ ಯೋಜನೆ ಮುರಿದುಬಿದ್ದು, ಸಾಲದ ಹೊರೆಯೊಡನೆ ಯೂರೋಪಿಗೆ ಹಿಂತಿರುಗಿದನು.

ಮಹಾಯುದ್ಧ ಮತ್ತು ಜಾಗತಿಕ ಖ್ಯಾತಿ

1914ರಲ್ಲಿ ಯುದ್ಧ ಆರಂಭವಾದಾಗ ಈತ ಪ್ಯಾರಿಸ್‌ನಲ್ಲಿದ್ದನು. ಸ್ಪೇನ್ ತಟಸ್ಥವಾಗಿದ್ದರೂ ಈತ ಫ್ರಾನ್ಸ್ ಮತ್ತು ಮಿತ್ರರಾಷ್ಟ್ರಗಳ ಪರವಾಗಿ ಬಹಿರಂಗವಾಗಿ ಬರೆದನು. ಯುದ್ಧದ ಇತಿಹಾಸವನ್ನು ಒಂಬತ್ತು ಸಂಪುಟಗಳಲ್ಲಿ ಹೊರತಂದನು. ಯುದ್ಧಭೂಮಿಯನ್ನು ಕಂಡುಬಂದ ಅನುಭವದಿಂದ 'ಲೋಸ್ ಕ್ವಾತ್ರೊ ಹಿನೆತೆಸ್ ದೆಲ್ ಅಪೊಕಲಿಪ್ಸಿಸ್' (ಪ್ರಳಯದ ನಾಲ್ವರು ಕುದುರೆ ಸವಾರರು, 1916) ಹುಟ್ಟಿತು. ಅರ್ಜೆಂಟೀನದ ಒಂದೇ ಮನೆತನದ ಎರಡು ಶಾಖೆಗಳು ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ನೆಲೆಸಿ ಯುದ್ಧದಲ್ಲಿ ಎದುರುಬದುರಾಗುವುದು ಇದರ ಕಥಾವಸ್ತು. 1918ರಲ್ಲಿ ಬಂದ ಇಂಗ್ಲಿಷ್ ಅನುವಾದ ಮರುವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿಯಾಯಿತು. ಆದರೆ ಅನುವಾದದ ಹಕ್ಕನ್ನು ಲೇಖಕ ಅದಕ್ಕೆ ಮೊದಲೇ ಅತ್ಯಲ್ಪ ಮೊತ್ತಕ್ಕೆ ಕೊಟ್ಟುಬಿಟ್ಟಿದ್ದನು. 1920ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ ಇವನಿಗೆ ಗೌರವ ಡಾಕ್ಟರೇಟ್ ನೀಡಿತು.

1921ರಲ್ಲಿ ರೆಕ್ಸ್ ಇಂಗ್ರಾಮ್ ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದನು. ಅದರಿಂದ ನಟ ರುಡಾಲ್ಫ್ ವ್ಯಾಲೆಂಟಿನೊ ತಾರೆಯಾದನು. ಮರುವರ್ಷ 'ರಕ್ತ ಮತ್ತು ಮರಳು' ಚಿತ್ರದಲ್ಲಿಯೂ ಅವನೇ ನಾಯಕ. ಗ್ರೆಟಾ ಗಾರ್ಬೊಳ ಮೊದಲ ಎರಡು ಅಮೆರಿಕನ್ ಚಿತ್ರಗಳು (1926) ಆಧರಿಸಿದ್ದೂ ಬ್ಲಾಸ್ಕೊನ ಕಾದಂಬರಿಗಳನ್ನೇ.

ವಿಶ್ವಪರ್ಯಟನೆ ಮತ್ತು ಭಾರತ

1923ರಲ್ಲಿ 'ಫ್ರಾಂಕೋನಿಯ' ಹಡಗನ್ನೇರಿ ಅಮೆರಿಕದಿಂದ ಜಗತ್ತಿನ ಸುತ್ತ ಪ್ರವಾಸ ಹೊರಟನು. ಜಪಾನ್, ಚೀನಾ, ಫಿಲಿಪೈನ್ಸ್, ಜಾವಾ, ಬರ್ಮಾಗಳನ್ನು ಹಾದು ಕಲ್ಕತ್ತಕ್ಕೆ ಬಂದು, ಭಾರತ, ಸಿಂಹಳ, ಈಜಿಪ್ಟ್‌ಗಳ ಮೂಲಕ ಯೂರೋಪು ಸೇರಿದನು. ಈ ಪ್ರವಾಸಕಥನ ಮೂರು ಸಂಪುಟಗಳಲ್ಲಿ (1924–25) ಪ್ರಕಟವಾಯಿತು.

ಕೊನೆಯ ವರ್ಷಗಳು

ಫ್ರಾನ್ಸಿನ ದಕ್ಷಿಣ ಕರಾವಳಿಯ ಮೆಂತೋನ್‌ನಲ್ಲಿ 'ಫೊಂತಾನ ರೋಸ' ಎಂಬ ಮನೆ ಮಾಡಿ, ಅದರ ತೋಟವನ್ನು ಸೆರ್ವಾಂತೆಸ್, ಬಾಲ್ಜಾಕ್, ಡಿಕನ್ಸ್ ಮೊದಲಾದ ಕಾದಂಬರಿಕಾರರಿಗೆ ಅರ್ಪಿಸಿದನು. ನೆಮ್ಮದಿಯ ಈ ಬದುಕಿನ ನಡುವೆಯೂ ಹಳೆಯ ಪತ್ರಕರ್ತ ಸುಮ್ಮನಿರಲಿಲ್ಲ. 1923ರಲ್ಲಿ ಪ್ರೀಮೊ ದೆ ರಿವೇರನ ಸರ್ವಾಧಿಕಾರ ಸ್ಥಾಪನೆಯಾದಾಗ, ದೊರೆ ಹದಿಮೂರನೆಯ ಅಲ್ಫೋನ್ಸೊನನ್ನು ನೇರವಾಗಿ ಖಂಡಿಸುವ ಕಿರುಹೊತ್ತಗೆಯನ್ನು 1924ರಲ್ಲಿ ಪ್ರಕಟಿಸಿದನು. ಸ್ಪೇನಿನ ಬಾಗಿಲು ಇವನಿಗೆ ಮುಚ್ಚಿತು. ಮೊದಲ ಪತ್ನಿ ತೀರಿಕೊಂಡ ವರ್ಷ, 1925ರಲ್ಲಿ, ಚಿಲಿ ದೇಶದ ಎಲೆನಾ ಒರ್ತೂಸರ್‌ಳನ್ನು ವಿವಾಹವಾದನು. 1928ರ ಜನವರಿ 28ರಂದು, ಅರವತ್ತೊಂದನೆಯ ಹುಟ್ಟುಹಬ್ಬದ ಹಿಂದಿನ ದಿನ, ಮೆಂತೋನ್‌ನಲ್ಲಿ ನಿಧನನಾದನು.

ರಾಜಪ್ರಭುತ್ವ ಅಳಿದು ಎರಡನೆಯ ಗಣರಾಜ್ಯ ಸ್ಥಾಪನೆಯಾದ ಮೇಲೆ, 1933ರ ಅಕ್ಟೋಬರ್‌ನಲ್ಲಿ, ಇವನ ಪಾರ್ಥಿವ ಶರೀರವನ್ನು ಯುದ್ಧನೌಕೆಯಲ್ಲಿ ವಲೆನ್ಸಿಯಕ್ಕೆ ತರಲಾಯಿತು. ಮೂವತ್ತೇಳು ವರ್ಷಗಳ ಹಿಂದೆ ಕದ್ದು ಪಾರಾದ ಬಂದರಿನಲ್ಲಿಯೇ ಅಪಾರ ಜನಸ್ತೋಮ ಇವನನ್ನು ಬರಮಾಡಿಕೊಂಡಿತು. ಅಂತರ್ಯುದ್ಧದ ನಂತರ ಫ್ರಾಂಕೊ ಆಡಳಿತದಲ್ಲಿ ಮಲ್ವರ್ರೋಸ ಕಡಲತೀರದ ಇವನ ಮನೆಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. 1997ರಿಂದ ಅಲ್ಲಿ ಇವನ ಸ್ಮಾರಕ ವಸ್ತುಸಂಗ್ರಹಾಲಯವಿದೆ.

ಸಾಹಿತ್ಯದ ಸ್ಥಾನ

ಬ್ಲಾಸ್ಕೊನನ್ನು ಸ್ಪೇನಿನ ಜೋಲಾ ಎಂದು ಕರೆಯುವುದುಂಟು. ಪರಿಸರ ಮತ್ತು ಬಡತನ ಮನುಷ್ಯನ ಸ್ವಭಾವವನ್ನು ತಿದ್ದುವ ಬಗೆಯನ್ನು ತೋರಿಸುವುದರಲ್ಲಿ ಇವನದು ಸಹಜತಾವಾದದ ದಾರಿ. ಬೆಳಕು, ನೀರು, ಮಣ್ಣುಗಳ ವರ್ಣನೆಯಲ್ಲಿ ಇವನ ಗೆಳೆಯ, ಚಿತ್ರಕಾರ ಹೋಕಿನ್ ಸೊರೋಯ್ಯನ ಕುಂಚದ ನೆನಪಾಗುತ್ತದೆ. ಸಮಕಾಲೀನ ಲೇಖಕರಲ್ಲಿ ಹಲವರು ಇವನ ಅವಸರದ ಶೈಲಿಯನ್ನೂ ಸಂಪತ್ತನ್ನೂ ಟೀಕಿಸಿದರು. ಕೊನೆಯ ಕಾದಂಬರಿಗಳಿಗೆ ಈ ಟೀಕೆ ಸಲ್ಲುತ್ತದೆಯಾದರೂ, 'ಲಾ ಬರ್ರಾಕ' ಮತ್ತು 'ಕಾನ್ಯಾಸ್ ಇ ಬಾರ್ರೊ' ಸ್ಪ್ಯಾನಿಷ್ ಗದ್ಯದ ಗಟ್ಟಿ ಕೃತಿಗಳಾಗಿ ಉಳಿದಿವೆ.