ಗೇಟಿನಿಂದ ಪೋರ್ಟಿಕೋವರೆಗೆ ಒಬ್ಬ ಮೆಕಾಡಮ್

ಡಬ್ಲ್ಯೂಬಿಎಂ ಅಂದ್ರೆ ವಾಟರ್ ಬೌಂಡ್ ಮೆಕಾಡಮ್ ಅಂತ ಸಿವಿಲ್‌ನವರಿಗೆಲ್ಲ ಗೊತ್ತು. ಪದರಗಳ ಚಿತ್ರ ಬರೆದು, ದಪ್ಪ ಗುರುತು ಹಾಕಿ, ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಅದರಲ್ಲಿರೋ ಮೆಕಾಡಮ್ ಒಬ್ಬ ಮನುಷ್ಯನ ಹೆಸರು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಹೊಳೆದೇ ಇರಲಿಲ್ಲ. ನಾವು ಆ ಮನುಷ್ಯನನ್ನು ಹುಡುಕಿಕೊಂಡು ಹೋಗಿದ್ದಕ್ಕೆ ಕಾರಣ ಪಠ್ಯಪುಸ್ತಕವಲ್ಲ, ಗೆಳೆಯನೊಬ್ಬನ ಮನೆ ಅಂಗಳ.

ಹೋದ ವರ್ಷ ಅವರು ಹೊಸ ಮನೆ ಕಟ್ಟಿಸಿದರು. ಗೇಟಿನಿಂದ ಪೋರ್ಟಿಕೋವರೆಗೆ ಏನು ಹಾಕಿಸೋದು ಅಂತ ಮನೆಯಲ್ಲಿ ವಾರಗಟ್ಟಲೆ ಚರ್ಚೆ. ಅಪ್ಪನಿಗೆ ಕಾಂಕ್ರೀಟ್ ಬೇಕು, ಅಮ್ಮನಿಗೆ ಕಲ್ಲುಚಪ್ಪಡಿ, ಇವನಿಗೆ ಬಣ್ಣದ ಇಂಟರ್‌ಲಾಕ್. ಇಂಜಿನಿಯರಿಂಗ್ ಓದ್ತಿರೋ ಮಗನ ಮಾತೇ ಗೆದ್ದಿತು. ಮೊದಲ ಮಳೆಗಾಲದಲ್ಲೇ ಕಾರಿನ ಚಕ್ರ ಓಡಾಡೋ ಎರಡೂ ಸಾಲು ಕುಸಿದು ಹಳ್ಳ ಬಿತ್ತು, ನೀರು ನಿಂತಿತು. ನೋಡೋಕೆ ಹೋದ ನಮಗೂ ಕೂಡಲೇ ಕಾರಣ ಹೊಳೆಯಲಿಲ್ಲ. ಮೇಲಿನ ಕಲ್ಲೇ ಸರಿಯಿಲ್ಲ ಅಂದುಕೊಂಡೆವು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ರಸ್ತೆ ಮಾಡಿಸುವವರೂ ಹೀಗೇ ಅಂದುಕೊಂಡಿದ್ದರು. ಅದು ತಪ್ಪು ಅಂತ ತೋರಿಸಿಕೊಟ್ಟವನು ಇವನು.

ಜಾನ್ ಲೌಡನ್ ಮೆಕಾಡಮ್ ಹುಟ್ಟಿದ್ದು 1756ರಲ್ಲಿ, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ತಂದೆ ತೀರಿಕೊಂಡ ಮೇಲೆ 1770ರಲ್ಲಿ, ಹದಿನಾಲ್ಕರ ಹುಡುಗನನ್ನು ನ್ಯೂಯಾರ್ಕಿನಲ್ಲಿದ್ದ ಚಿಕ್ಕಪ್ಪನ ಬಳಿಗೆ ಕಳಿಸಿದರು. ಅಲ್ಲಿ ವ್ಯಾಪಾರ ಕಲಿತ, ಚೆನ್ನಾಗಿಯೇ ದುಡಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆತ ಬ್ರಿಟಿಷರ ಕಡೆ. ಅವರು ಸೋತ ಮೇಲೆ ಅಲ್ಲಿ ಉಳಿಯುವ ಹಾಗಿರಲಿಲ್ಲ. 1783ರಲ್ಲಿ ಹೆಂಡತಿ ಮಕ್ಕಳ ಜೊತೆ ಊರಿಗೆ ವಾಪಸ್ಸಾಗಿ ಏರ್ ಸೀಮೆಯಲ್ಲೇ ಜಮೀನು ಕೊಂಡ. ಗಮನಿಸಿ, ಇಲ್ಲಿಯವರೆಗೂ ಆತ ಇಂಜಿನಿಯರ್ ಅಲ್ಲ. ಯಾವ ಡಿಗ್ರಿಯೂ ಇಲ್ಲ.

ಆಗ ಅಲ್ಲಿನ ದೊಡ್ಡ ರಸ್ತೆಗಳನ್ನು ಟರ್ನ್‌ಪೈಕ್ ಟ್ರಸ್ಟ್‌ಗಳು ನೋಡಿಕೊಳ್ಳುತ್ತಿದ್ದವು. ಟೋಲ್ ವಸೂಲಿ ಮಾಡೋದು, ಆ ದುಡ್ಡಲ್ಲಿ ರಸ್ತೆ ರಿಪೇರಿ ಮಾಡಿಸೋದು. ಮೆಕಾಡಮ್ ಕೂಡ ಒಂದು ಟ್ರಸ್ಟ್‌ನ ಸದಸ್ಯನಾದ. ರಿಪೇರಿ ಅಂದ್ರೆ ಗುಂಡಿಗೆ ದಪ್ಪ ಕಲ್ಲು, ಅದರ ಮೇಲೆ ಮಣ್ಣು. ಆಮೇಲೂ ರಸ್ತೆ ಕಿತ್ತುಹೋದರೆ ತಪ್ಪು ಗಾಡಿಯದು: ಭಾರ ಕಡಿಮೆ ಮಾಡಿ, ಚಕ್ರ ಅಗಲ ಮಾಡಿ ಅಂತ ಕಾನೂನು ಬೇರೆ. ಮೆಕಾಡಮ್‌ಗೆ ಇದು ಉಲ್ಟಾ ಅನ್ನಿಸಿತು. ಗಾಡಿಗೆ ತಕ್ಕ ರಸ್ತೆ ಬೇಕೇ ಹೊರತು ರಸ್ತೆಗೆ ತಕ್ಕ ಗಾಡಿಯಲ್ಲ ಅನ್ನೋದು ಆತನ ವಾದ.

ವಾದ ಮಾಡಿ ಸುಮ್ಮನೆ ಕೂರಲಿಲ್ಲ. 1798ರಿಂದ ಮುಂದಿನ ಹದಿನೈದು ಹದಿನಾರು ವರ್ಷ ಸ್ವಂತ ಖರ್ಚಿನಲ್ಲಿ ದೇಶದ ರಸ್ತೆಗಳನ್ನು ನೋಡುತ್ತ ತಿರುಗಿದ. ಸುಮಾರು 30,000 ಮೈಲಿ, 5,000 ಪೌಂಡಿಗೂ ಹೆಚ್ಚು ಖರ್ಚು. ಮನೆಯವರು ಏನಂದರೋ! ಕೊನೆಗೆ 1816ರಲ್ಲಿ ಬ್ರಿಸ್ಟಲ್ ಟ್ರಸ್ಟ್ ಆತನನ್ನು ಸರ್ವೇಯರ್ ಆಗಿ ನೇಮಿಸಿಕೊಂಡಿತು. ನಮ್ಮಲ್ಲಿ ರಿಟೈರ್ ಆಗೋ ವಯಸ್ಸಿಗೆ ಆತನ ನಿಜವಾದ ಕೆಲಸ ಶುರುವಾಯ್ತು.

ಆತ ಕಂಡುಕೊಂಡಿದ್ದು ಇಷ್ಟು. ಗಾಡಿಯ ಭಾರ ಹೊರುವುದು ಮೇಲಿನ ಕಲ್ಲಲ್ಲ, ಕೆಳಗಿನ ನೆಲ. ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತೆ, ನೆನೆದರೆ ಏನನ್ನೂ ಹೊರಲ್ಲ. ಹಾಗಾಗಿ ಮೇಲಿನ ಪದರ ಮಾಡಬೇಕಾದ ಮುಖ್ಯ ಕೆಲಸ ಮನೆಯ ಸೂರಿನದು, ನೀರನ್ನು ಕೆಳಗೆ ಬಿಡಬಾರದು. ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರ ಇರಬೇಕು, ಪಕ್ಕದಲ್ಲಿ ಚರಂಡಿ ಬೇಕು. ನಡುವೆ ಉಬ್ಬು ಜಾಸ್ತಿ ಬೇಡ, 30 ಅಡಿ ಅಗಲಕ್ಕೆ 3 ಇಂಚು ಸಾಕು. ಅಡಿಯಲ್ಲಿ ದಪ್ಪ ಕಲ್ಲು ಬೇಡ. ಸಣ್ಣಗೆ ಒಡೆದ, ಮೂಲೆಗಳಿರೋ ಜಲ್ಲಿಯನ್ನೇ ಸುಮಾರು 10 ಇಂಚು ಹಾಸಬೇಕು. ಗುಂಡಗಿನ ಹೊಳೆಗಲ್ಲು ಉರುಳುತ್ತೆ, ಮೂಲೆಯಿರುವ ಜಲ್ಲಿ ಚಕ್ರದ ಒತ್ತಡಕ್ಕೆ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಜಲ್ಲಿಗೆ ಮಣ್ಣು ಸೇರಿಸಲೇಬಾರದು. ಮಣ್ಣು ನೀರು ಹಿಡಿಯುತ್ತೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ರಸ್ತೆಯನ್ನೇ ಎಬ್ಬಿಸುತ್ತೆ.

ಒಂದೊಂದು ಕಲ್ಲೂ 6 ಔನ್ಸ್, ಅಂದ್ರೆ ಸುಮಾರು 170 ಗ್ರಾಂ ಮೀರಬಾರದು. ಮೇಸ್ತ್ರಿಗಳ ಕೈಲಿ ತಕ್ಕಡಿ ಇರ್ತಿತ್ತು. ಬಾಯಲ್ಲಿ ಹಿಡಿಸಿದರೆ ಕಲ್ಲು ಸರಿಯಾದ ಅಳತೆ ಅಂತ ಕೆಲಸಗಾರರ ಲೆಕ್ಕವಂತೆ. ಒಬ್ಬನ ಗುಡ್ಡೆಯಲ್ಲಿ ಬರೀ ದಪ್ಪ ಕಲ್ಲೇ ಇದ್ದುದಕ್ಕೆ ವಿಚಾರಿಸಿದರೆ ಅವನಿಗೆ ಹಲ್ಲೇ ಇರಲಿಲ್ಲ ಅನ್ನೋ ತಮಾಷೆಯೂ ಇದೆ. ಆದರೆ ಆ ಕಲ್ಲು ಒಡೆದವರು ಯಾರು? ಮುದುಕರು, ಹೆಂಗಸರು, ಮಕ್ಕಳು. ರಸ್ತೆ ಬದಿ ಕೂತು ಸಣ್ಣ ಸುತ್ತಿಗೆಯಲ್ಲಿ ದಿನವಿಡೀ ಒಡೆಯೋದು. ಕ್ರಷರ್ ಬರುವವರೆಗೆ ನಮ್ಮೂರುಗಳಲ್ಲೂ ಇದೇ ಚಿತ್ರ. ಬಡವರಿಗೆ ಕೆಲಸ ಸಿಕ್ಕಿತು ಅಂತ ಆಗ ಹೊಗಳಿದವರಿದ್ದರು. ನಮಗೆ ಅಷ್ಟು ಸಲೀಸಾಗಿ ಹೊಗಳೋಕೆ ಆಗಲ್ಲ.

ಅದೇ ಕಾಲದ ಇನ್ನೊಬ್ಬ ಸ್ಕಾಟ್ ಇಂಜಿನಿಯರ್ ಥಾಮಸ್ ಟೆಲ್ಫರ್ಡ್, ದಪ್ಪ ಕಲ್ಲುಗಳನ್ನು ಕೈಯಿಂದ ಜೋಡಿಸಿದ ತಳಪಾಯವೇ ಬೇಕು ಅನ್ನುತ್ತಿದ್ದ. ಟೆಲ್ಫರ್ಡನ ರಸ್ತೆ ಗಟ್ಟಿ, ಆದರೆ ದುಬಾರಿ. ಅಗ್ಗದ ಮೆಕಾಡಮ್ ಬೇಗ ಹರಡಿತು. 1823ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲೂ ಇಂಥ ರಸ್ತೆ ಆಯ್ತು. 1827ರಲ್ಲಿ ಲಂಡನ್ ಸುತ್ತಲಿನ ರಸ್ತೆಗಳ ಹೊಣೆಯೂ ಆತನಿಗೇ ಬಂತು. ಸರ್ಕಾರ ನೈಟ್ ಪದವಿ ಕೊಡಲು ಬಂದಾಗ ಬೇಡ ಅಂದ, ಅದು ಮಗನಿಗೆ ಹೋಯಿತು. 1836ರಲ್ಲಿ ಸ್ಕಾಟ್ಲೆಂಡಿನ ಮೊಫಟ್‌ನಲ್ಲಿ ತೀರಿಕೊಂಡಾಗ ಆತನಿಗೆ ಎಂಬತ್ತು.

ನಮಗೆ ಮಜಾ ಅನ್ನಿಸಿದ್ದು ಇನ್ನೊಂದು ವಿಷಯ. ಊರಿಗೆ ಮರಳಿದ ಹೊಸದರಲ್ಲಿ ಆತ ಕಲ್ಲಿದ್ದಲಿನಿಂದ ಟಾರ್ ತೆಗೆಯೋ ವ್ಯವಹಾರದಲ್ಲಿದ್ದ. ಆ ಟಾರ್ ಹಡಗುಗಳಿಗೆ. ಅದನ್ನು ತನ್ನ ರಸ್ತೆಗೆ ಹಾಕುವ ಯೋಚನೆ ಆತನದಾಗಿರಲಿಲ್ಲ. ಮುಂದೆ ಕಾರುಗಳು ಬಂದು, ರಬ್ಬರ್ ಟೈರ್‌ಗಳು ಜಲ್ಲಿಯ ನಡುವಿನ ಪುಡಿಯನ್ನೆಲ್ಲ ಎಬ್ಬಿಸತೊಡಗಿದವು. ಎಡ್ಗರ್ ಹೂಲಿ ಎಂಬಾತ 1902ರಲ್ಲಿ ಟಾರ್ ಬೆರೆಸಿದ ಮೆಕಾಡಮ್‌ಗೆ ಪೇಟೆಂಟ್ ಪಡೆದ. ಅದೇ ಟಾರ್‌ಮ್ಯಾಕ್.

ಇಷ್ಟೆಲ್ಲ ಓದಿಕೊಂಡು ಮತ್ತೆ ಗೆಳೆಯನ ಮನೆಗೆ ಹೋದೆವು. ಈ ಸಲ ಇಂಟರ್‌ಲಾಕ್ ಎತ್ತಿಸಿ ಕೆಳಗೆ ನೋಡಿದೆವು. ಪಾಯ ತೋಡಿದ ಮಣ್ಣನ್ನೇ ಅಲ್ಲಿ ಸುರಿದು, ದಮ್ಮಸ್ಸು ಮಾಡದೆ, ಮೇಲೆ ಎಂ ಸ್ಯಾಂಡ್ ಹರಡಿ ಕಲ್ಲು ಜೋಡಿಸಿದ್ದರು. ಸಾಲದ್ದಕ್ಕೆ ಟೆರೇಸಿನ ಮಳೆನೀರಿನ ಪೈಪು ಅಲ್ಲೇ ಬಂದು ಬಿಡುತ್ತಿತ್ತು. ಇದರ ಮೇಲೆ ಕಾಂಕ್ರೀಟ್ ಹಾಕಿದ್ದರೆ ಬಿರುಕು ಬಿಡ್ತಿತ್ತು, ಚಪ್ಪಡಿ ಹಾಕಿದ್ದರೆ ಅಲ್ಲಾಡ್ತಿತ್ತು. ಯಾವುದು ಹಾಕಿಸೋದು ಅಂತ ವಾರಗಟ್ಟಲೆ ಜಗಳ ಆಡಿದವರು ಯಾರೂ ಆ ಪೈಪನ್ನು ನೋಡಿರಲಿಲ್ಲ.

ಪೈಪನ್ನು ಚರಂಡಿಗೆ ತಿರುಗಿಸಿ, ಸಡಿಲ ಮಣ್ಣು ತೆಗೆಸಿ, ನೆಲ ಗಟ್ಟಿ ಮಾಡಿ, ಜಲ್ಲಿ ಹಾಸಿ ರೋಲರ್ ಓಡಿಸಿ, ಗೇಟಿನ ಕಡೆಗೆ ಇಳಿಜಾರು ಕೊಟ್ಟು ಹಳೇ ಇಂಟರ್‌ಲಾಕನ್ನೇ ಮತ್ತೆ ಜೋಡಿಸಿದ್ದಾರೆ. ಈ ಮಳೆಗೆ ಇನ್ನೂ ಕುಸಿದಿಲ್ಲ. ಅಮ್ಮ ಮಾತ್ರ ಚಪ್ಪಡಿನೇ ಹಾಕಿಸಬೇಕಿತ್ತು ಅಂತ ಈಗಲೂ ಹೇಳ್ತಾರೆ.