ಮಗು ಯಾಕೆ ತಿರುಗಿ ನೋಡುತ್ತೆ? ಜಾನ್ ಬೌಲ್ಬಿ ಅವರ ಬದುಕು

ಇನ್‌ಸ್ಟಾಗ್ರಾಂನಲ್ಲಿ ಐದು ನಿಮಿಷ ಸ್ಕ್ರಾಲ್ ಮಾಡಿದ್ರೆ ಸಾಕು, ನಿಮ್ಮದು ಯಾವ ಅಟ್ಯಾಚ್‌ಮೆಂಟ್ ಸ್ಟೈಲ್ ಅಂತ ಕೇಳೋ ರೀಲ್ ಒಂದು ಸಿಕ್ಕೇ ಸಿಗುತ್ತೆ. ಹಾಸ್ಟೆಲ್‌ನಲ್ಲಿ, ಕೆಂಗೇರಿ ಕಡೆಯ ಪಿಜಿಗಳಲ್ಲಿ ನಾವೂ ಈ ಪದಗಳನ್ನು ಆರಾಮಾಗಿ ಬಳಸ್ತೀವಿ. ಈ ಮಾತು ಶುರುವಾಗಿದ್ದು ಒಬ್ಬ ಬ್ರಿಟಿಷ್ ಡಾಕ್ಟರರಿಂದ. ಅವರ ಕಥೆ ಗೊತ್ತಿದ್ರೆ ರೀಲ್ ಎಲ್ಲಿ ತಪ್ಪು ಹೇಳುತ್ತೆ, ನಿಜವಾಗಲೂ ಕೌನ್ಸೆಲರ್ ಬೇಕಾದಾಗ ಏನು ನೋಡಬೇಕು, ಎರಡೂ ಗೊತ್ತಾಗುತ್ತೆ.

ಜಾನ್ ಬೌಲ್ಬಿ ಹುಟ್ಟಿದ್ದು 1907ರ ಫೆಬ್ರವರಿ 26ರಂದು, ಲಂಡನ್ನಿನಲ್ಲಿ. ತಂದೆ ಸರ್ ಆಂಟನಿ ಬೌಲ್ಬಿ ಹೆಸರಾಂತ ಸರ್ಜನ್. ಆರು ಮಕ್ಕಳಲ್ಲಿ ಜಾನ್ ನಾಲ್ಕನೆಯವರು. ಆ ಕಾಲದ ಶ್ರೀಮಂತ ಇಂಗ್ಲಿಷ್ ಮನೆಗಳಲ್ಲಿ ಮಕ್ಕಳನ್ನು ಸಾಕ್ತಾ ಇದ್ದದ್ದು ದಾದಿಯರು. ಅಮ್ಮನನ್ನು ನೋಡೋಕೆ ಸಿಗ್ತಾ ಇದ್ದದ್ದು ಸಂಜೆ ಟೀ ಆದ ಮೇಲೆ ಸುಮಾರು ಒಂದು ಗಂಟೆ. ಹೆಚ್ಚು ಮುದ್ದು ಮಾಡಿದ್ರೆ ಮಕ್ಕಳು ಕೆಡ್ತಾರೆ ಅನ್ನೋದು ಅವತ್ತಿನ ನಂಬಿಕೆ. ಜಾನ್‌ಗೆ ತುಂಬಾ ಹತ್ತಿರವಾಗಿದ್ದ ದಾದಿ ಮಿನ್ನಿ, ಅವರಿಗೆ ನಾಲ್ಕು ವರ್ಷ ತುಂಬೋ ಹೊತ್ತಿಗೆ ಕೆಲಸ ಬಿಟ್ಟು ಹೋದರು. ದೊಡ್ಡವರಾದ ಮೇಲೂ ಬೌಲ್ಬಿ ಅದನ್ನು ತಾಯಿಯನ್ನು ಕಳೆದುಕೊಂಡಷ್ಟೇ ದೊಡ್ಡ ನೋವು ಅಂತ ನೆನೆಸಿಕೊಳ್ತಿದ್ದರು.

ಕೇಂಬ್ರಿಡ್ಜ್‌ನಲ್ಲಿ ಓದು ಮುಗಿದಿದ್ದು 1928ರಲ್ಲಿ. ನೇರವಾಗಿ ಮೆಡಿಕಲ್ ಮುಗಿಸೋ ಬದಲು, ತೊಂದರೆಯಲ್ಲಿದ್ದ ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಇಬ್ಬರು ಹುಡುಗರು ಅವರ ಮನಸ್ಸಲ್ಲಿ ನಿಂತರು. ಒಬ್ಬ ಕಳ್ಳತನ ಮಾಡಿ ಹಿಂದಿನ ಶಾಲೆಯಿಂದ ಹೊರಬಿದ್ದವನು. ಯಾರ ಹತ್ತಿರಾನೂ ಸೇರದವನು. ಅವನಿಗೆ ತಾಯಿ ಅನ್ನೋ ಹಾಗೆ ಸ್ಥಿರವಾಗಿ ಯಾರೂ ಇರಲಿಲ್ಲ. ಇನ್ನೊಬ್ಬ ಏಳೆಂಟು ವರ್ಷದವನು, ಬೌಲ್ಬಿಯವರ ಹಿಂದೇನೇ ನೆರಳಿನ ಹಾಗೆ ಸುತ್ತುತ್ತಿದ್ದ. ಒಬ್ಬ ಯಾರೂ ಬೇಡ ಅಂತಾನೆ, ಇನ್ನೊಬ್ಬ ಬಿಟ್ಟಿರೋಕೇ ಆಗಲ್ಲ ಅಂತಾನೆ. ಎರಡರ ಬೇರೂ ಒಂದೇ ಇರಬಹುದಾ ಅನ್ನೋ ಪ್ರಶ್ನೆ ಅವರನ್ನು ಮನೋವೈದ್ಯರನ್ನಾಗಿ ಮಾಡಿತು.

ಮುಂದೆ ಲಂಡನ್ನಿನ ಮಕ್ಕಳ ಕ್ಲಿನಿಕ್ಕಿನಲ್ಲಿ ಕಳ್ಳತನ ಮಾಡಿದ್ದ 44 ಮಕ್ಕಳನ್ನು ಅಭ್ಯಾಸ ಮಾಡಿ 1944ರಲ್ಲಿ ಪ್ರಕಟಿಸಿದರು. ಅವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಪ್ರೀತಿ ಇದ್ದಂತೆ ಕಾಣಲಿಲ್ಲ. ಆ 14ರಲ್ಲಿ 12 ಮಕ್ಕಳು ತೀರಾ ಚಿಕ್ಕವರಿದ್ದಾಗ ಬಹಳ ಕಾಲ ತಾಯಿಯಿಂದ ದೂರ ಇದ್ದವರು. ಮಕ್ಕಳನ್ನು ಮಾತಾಡಿಸಿದ್ದೂ ಬೌಲ್ಬಿ, ವರ್ಗ ಮಾಡಿದ್ದೂ ಬೌಲ್ಬಿ. ಆದ್ದರಿಂದ ಇದು ಗಟ್ಟಿ ಪುರಾವೆ ಅಲ್ಲ ಅಂತ ಟೀಕೆ ಬಂತು. ಆ ಟೀಕೆ ಸರಿಯಾದದ್ದೇ. ಆದ್ರೆ ಪ್ರಶ್ನೆ ಮಾತ್ರ ಉಳೀತು.

ಯುದ್ಧ ಮುಗಿದ ಮೇಲೆ 1946ರಲ್ಲಿ ಟಾವಿಸ್ಟಾಕ್ ಕ್ಲಿನಿಕ್ ಸೇರಿದರು. ವಿಶ್ವ ಆರೋಗ್ಯ ಸಂಸ್ಥೆ ಕೇಳಿದ್ದಕ್ಕೆ ಮನೆಯಿಲ್ಲದ ಮಕ್ಕಳ ಬಗ್ಗೆ ಬರೆದ ವರದಿ 1951ರಲ್ಲಿ ಹೊರಬಂತು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದ ಮಕ್ಕಳನ್ನು ನೋಡೋಕೆ ಅಪ್ಪ ಅಮ್ಮನಿಗೆ ಸಿಗ್ತಾ ಇದ್ದ ಸಮಯ ತುಂಬಾ ಕಮ್ಮಿ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವನ್ನು ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ತೋರಿಸಿದರು. ಡಾಕ್ಟರುಗಳು ಮೊದಲು ಸಿಟ್ಟಾದರು. ಆದ್ರೆ 1959ರಲ್ಲಿ ಸರ್ಕಾರದ ಸಮಿತಿಯೇ ತಂದೆತಾಯಿಗೆ ಬಾಗಿಲು ತೆರೆಯಿರಿ ಅಂತ ಹೇಳಿತು. ನಮ್ಮ ಸರ್ಕಾರಿ ಆಸ್ಪತ್ರೆಗಳ ವಾರ್ಡಿನಲ್ಲಿ ಮಗುವಿನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗೋ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ!

ಮಗು ತಾಯಿಗೆ ಅಂಟಿಕೊಳ್ಳೋದು ಹಾಲಿಗಾಗಿ ಮಾತ್ರ ಅಂತ ಆಗಿನ ಪಂಡಿತರು ಹೇಳ್ತಿದ್ದರು. ಬೌಲ್ಬಿ ಒಪ್ಪಲಿಲ್ಲ. ಪ್ರಾಣಿಗಳ ವರ್ತನೆಯ ಅಧ್ಯಯನ ಓದಿದರು, ಕಂಟ್ರೋಲ್ ಸಿಸ್ಟಂ ಓದಿದರು. ಹೌದು, ನಮ್ಮ ಸಿಲಬಸ್ಸಿನ ಅದೇ ಕಂಟ್ರೋಲ್ ಸಿಸ್ಟಂ. ಗೀಸರ್‌ನ ಥರ್ಮೋಸ್ಟಾಟ್ ಉಷ್ಣತೆ ಅಳೆದು ಆನ್, ಆಫ್ ಆಗೋ ಹಾಗೆ ಮಗು ತನ್ನವರು ಎಷ್ಟು ದೂರ ಇದ್ದಾರೆ ಅಂತ ಅಳೀತಾ ಇರುತ್ತೆ. ವಿಜಯನಗರದ ಯಾವ ಪಾರ್ಕಿಗೆ ಹೋದ್ರೂ ಇದನ್ನು ನೋಡಬಹುದು. ಪುಟ್ಟ ಮಗು ಜಾರುಬಂಡೆ ಕಡೆ ನಾಲ್ಕು ಹೆಜ್ಜೆ ಹೋಗುತ್ತೆ, ಬೆಂಚಿನ ಮೇಲಿರೋ ಅಜ್ಜಿಯನ್ನು ತಿರುಗಿ ನೋಡುತ್ತೆ, ಮತ್ತೆ ಹೋಗುತ್ತೆ. ನಾಯಿ ಬೊಗಳಿದ್ರೆ ಓಡಿ ಬಂದು ಸೀರೆ ಹಿಡಿಯುತ್ತೆ. ಹತ್ತಿರ ಒಂದು ಭದ್ರ ನೆಲೆ ಇದ್ರೇನೇ ದೂರ ಹೋಗೋ ಧೈರ್ಯ ಬರೋದು. 1969, 1973, 1980ರಲ್ಲಿ ಬಂದ ಮೂರು ಸಂಪುಟಗಳಲ್ಲಿ ಅವರು ವಿಸ್ತಾರವಾಗಿ ಬರೆದದ್ದು ಈ ನಂಟಿನ ಬಗ್ಗೆಯೇ.

ಪ್ರಯೋಗದ ಬಲ ಕೊಟ್ಟವರು ಮೇರಿ ಐನ್ಸ್‌ವರ್ತ್. ಅವರು ಉಗಾಂಡಾದ ಮನೆಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಗಮನಿಸಿದರು. ರೀಲ್‌ಗಳಲ್ಲಿ ಬರೋ ಹೆಸರುಗಳು ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಸುಮಾರು ಇಪ್ಪತ್ತು ನಿಮಿಷ ನೋಡಿ ಕೊಟ್ಟ ಹೆಸರುಗಳು. ಅವು ಹಣೆಬರಹ ಅಲ್ಲ, ಜಾತಕಾನೂ ಅಲ್ಲ. ತಾಯಿಯೇ ಎಲ್ಲ ಅನ್ನೋ ಬೌಲ್ಬಿಯವರ ಆರಂಭದ ಮಾತನ್ನು ಮೈಕಲ್ ರಟರ್ 1972ರಲ್ಲಿ ತಿದ್ದಿದರು. ಅಪ್ಪ, ಅಜ್ಜಿ, ದೊಡ್ಡಮ್ಮ ಯಾರು ಬೇಕಾದ್ರೂ ಆ ನೆಲೆ ಆಗಬಹುದು. ಕೆಲಸಕ್ಕೆ ಹೋಗೋ ಅಮ್ಮಂದಿರನ್ನು ದೂರೋಕೆ ಈ ಸಿದ್ಧಾಂತ ಬಳಸೋದು ಅನ್ಯಾಯ.

1988ರ ಹೊತ್ತಿಗೆ ಬೌಲ್ಬಿ ಚಿಕಿತ್ಸೆಯ ಬಗ್ಗೆಯೂ ಸ್ಪಷ್ಟವಾಗಿ ಬರೆದಿದ್ದರು. ಥೆರಪಿಸ್ಟ್ ಮೊದಲು ಆ ಪಾರ್ಕಿನ ಬೆಂಚಿನ ಹಾಗೆ ಭದ್ರ ನೆಲೆ ಆಗಬೇಕು. ಅಲ್ಲಿಂದ ಹೊರಟು ಈಗಿನ ಸಂಬಂಧಗಳನ್ನು, ಥೆರಪಿಸ್ಟ್ ಜೊತೆಗಿನ ಸಂಬಂಧವನ್ನೂ, ಹಳೆಯ ನೋವುಗಳನ್ನೂ ನೋಡಬೇಕು. ಜನ ನನ್ನನ್ನು ಬಿಟ್ಟೇ ಹೋಗ್ತಾರೆ ಅನ್ನೋ ಹಳೇ ಲೆಕ್ಕ ಇವತ್ತಿಗೂ ಸರಿನಾ ಅಂತ ಪರೀಕ್ಷೆ ಮಾಡಬೇಕು. 1990ರ ಸೆಪ್ಟೆಂಬರ್ 2ರಂದು ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಅವರು ತೀರಿಕೊಂಡರು. ಡಾರ್ವಿನ್ ಬಗ್ಗೆ ಅವರು ಬರೆದ ಜೀವನಚರಿತ್ರೆ ಬಂದದ್ದೂ ಅದೇ ವರ್ಷ.

ಈಗ ನಮ್ಮ ವಿಷಯಕ್ಕೆ ಬರೋಣ. ರಾಜಾಜಿನಗರ, ಬಸವೇಶ್ವರನಗರದ ರಸ್ತೆಗಳಲ್ಲಿ ಕೌನ್ಸೆಲಿಂಗ್ ಬೋರ್ಡುಗಳಿಗೆ ಬರ ಇಲ್ಲ. ಬೋರ್ಡಿನ ಮೇಲೆ ಏನಿದೆ ಅನ್ನೋದಕ್ಕಿಂತ ಕೇಳಿ ತಿಳಿಯೋದು ಮುಖ್ಯ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐನ, ನೋಂದಣಿ ಇರೋರು. ಆ ನಂಬರ್ ಕೇಳೋದು ಅವಮಾನ ಅಲ್ಲ. ಕೌನ್ಸೆಲರ್ ಆದ್ರೆ ಏನು ಓದಿದ್ದಾರೆ, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡ್ತಾರೆ, ಅಟ್ಯಾಚ್‌ಮೆಂಟ್ ವಿಷಯದಲ್ಲಿ ತರಬೇತಿ ಇದೆಯಾ ಅಂತ ಕೇಳಿ. ನಾವು ಹೇಳಿದ್ದು ಯಾರಿಗೆ ಹೋಗುತ್ತೆ ಅಂತಾನೂ ಕೇಳಿ. ಗೌಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಪ್ರಾಣಾಪಾಯದಂತಹ ಸಂದರ್ಭ ಮಾತ್ರ ಬೇರೆ.

ಒಂದು ಎಚ್ಚರಿಕೆ ಇದೆ. ಅಟ್ಯಾಚ್‌ಮೆಂಟ್ ಹೆಸರಿನಲ್ಲೇ ಅಮೆರಿಕದಲ್ಲಿ ಮಕ್ಕಳನ್ನು ಬಲವಂತವಾಗಿ ಅದುಮಿ ಹಿಡಿಯೋ ಚಿಕಿತ್ಸೆ ನಡೀತಿತ್ತು. 2000ದಲ್ಲಿ ಅದರಿಂದ ಒಂದು ಮಗು ಸತ್ತೂ ಹೋಯ್ತು. ಬೌಲ್ಬಿ ಹೇಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆದರಿಸೋರು, ನಾನು ಹೇಳಿದ ಹಾಗೇ ಕೇಳಬೇಕು ಅನ್ನೋರು ಭದ್ರ ನೆಲೆ ಆಗೋಕೆ ಸಾಧ್ಯನೇ ಇಲ್ಲ. ಎರಡು ಮೂರು ಸಲ ಹೋದ ಮೇಲೂ ಮಾತಾಡೋಕೆ ಭಯ ಆದ್ರೆ ಅದನ್ನೇ ಅವರ ಹತ್ತಿರ ಹೇಳಿ ನೋಡಿ. ಅವರು ಹೇಗೆ ಕೇಳಿಸಿಕೊಳ್ತಾರೆ ಅನ್ನೋದರಲ್ಲೇ ಉತ್ತರ ಸಿಗುತ್ತೆ. ಬೇಕಾದ್ರೆ ಬೇರೆಯವರನ್ನು ಹುಡುಕಬಹುದು.

ಕನ್ನಡ ಸಂಘದವರಾಗಿ ನಮ್ಮದೊಂದು ಮಾತು ಇದೆ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಆಂಕ್ಸೈಟಿ, ಟ್ರಾಮಾ ಎಲ್ಲ ಇಂಗ್ಲಿಷಲ್ಲೇ ಹೇಳ್ತೀವಿ. ಆದ್ರೆ ಅಮ್ಮ ಗದರಿದ್ದು, ಅಪ್ಪ ಮಾತು ಬಿಟ್ಟಿದ್ದು, ಹಠ, ಮುನಿಸು, ಇದೆಲ್ಲ ನಡೆದದ್ದು ಕನ್ನಡದಲ್ಲಿ. ಹಾಗಾಗಿ ಕನ್ನಡ ಬಲ್ಲ ಕೌನ್ಸೆಲರ್ ಬೇಕು ಅಂತ ಕೇಳೋದಕ್ಕೆ ಸಂಕೋಚ ಬೇಡ. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಮಾತಾಡೋದು ಹೊಸದೇನಲ್ಲ. ಕೊರವಂಜಿ ಪತ್ರಿಕೆ ನಡೆಸಿದ ಬೆಂಗಳೂರಿನ ಡಾಕ್ಟರ್ ರಾಶಿ, ಅಂದ್ರೆ ಎಂ. ಶಿವರಾಂ, ಅವರ ಮನಮಂಥನಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ರೆ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಇರೋದೂ ನಮ್ಮ ಊರಲ್ಲೇ. ಒಬ್ಬರೇ ಹೋಗೋಕೆ ಹಿಂಜರಿಕೆ ಆದ್ರೆ ಫ್ರೆಂಡ್ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ಅವರು ಹೊರಗೆ ಬೆಂಚಿನ ಮೇಲೆ ಕೂತಿರಲಿ.